ಮಿದುಳು ಕಲಿಯುವ ಬಗೆ

ಜೂನ್ ತಿಂಗಳು. ನೇತ್ರಾವತಿಯ ದಂಡೆಯ ಬಂಟ್ವಾಳದಲ್ಲಿ ಮಳೆ ಬಿಡದೆ ಹೊಯ್ಯುತ್ತಿದೆ. ಒಂದನೆಯ ತರಗತಿಯ ಉಪಾಧ್ಯಾಯರು ಕರಿಹಲಗೆಯ ಮೇಲೆ ‘ಮಳೆ’ ಎಂದು ಬರೆದು ಮಕ್ಕಳಿಂದ ಓದಿಸುತ್ತಾರೆ. ಎದುರಿಗೆ ಕುಳಿತವರಲ್ಲಿ ತುಳು ಮನೆಯಿಂದ ಬಂದ ಹುಡುಗನಿಗೆ ಅದು ‘ಬರ್ಸ’. ಕೊಂಕಣಿ ಮನೆಯ ಹುಡುಗಿಗೆ ‘ಪಾವ್ಸು’. ಮರಾಠಿ ಮನೆಯವರಿಗೆ ಅವರದೇ ಬೇರೆ ಹೆಸರು. ‘ಮಳೆ’ ಎಂಬ ಮಾತನ್ನು ತಾಯಿಯ ಬಾಯಿಂದ ಕೇಳಿ ಬೆಳೆದ ಮಕ್ಕಳು ಆ ತರಗತಿಯಲ್ಲಿ ಕೆಲವರೇ. ಕಿಟಕಿಯ ಹೊರಗೆ ಸುರಿಯುತ್ತಿರುವುದು ಏನೆಂದು ಎಲ್ಲರಿಗೂ ಗೊತ್ತು. ಹಲಗೆಯ ಮೇಲಿರುವುದೂ ಅದೇ ಎಂಬುದು ಮಾತ್ರ ಕೆಲವರಿಗೆ ತುಸು ತಡವಾಗಿ ಹೊಳೆಯುತ್ತದೆ. ಆ ತಡವನ್ನು ಕಂಡು, ‘ಇವನ ಮಂಡೆಗೆ ಏನೂ ಹೋಗುವುದಿಲ್ಲ’ ಎಂದುಬಿಡುವುದು ಬಹು ಸುಲಭ. ಹೀಗೆ ಒಮ್ಮೆ ದಡ್ಡನೆನಿಸಿಕೊಂಡ ಮಗು ಮೊದಲು ಮಾತನ್ನು ಬಿಡುತ್ತದೆ, ಆಮೇಲೆ ಪುಸ್ತಕವನ್ನು ಬಿಡುತ್ತದೆ, ಕೆಲವೊಮ್ಮೆ ಶಾಲೆಯನ್ನೇ ಬಿಡುತ್ತದೆ. ಆ ಮಗುವಿನ ಮಿದುಳಿನಲ್ಲಿ ನಿಜವಾಗಿ ನಡೆಯುತ್ತಿದ್ದುದೇನು ಎಂದು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಶಾಸ್ತ್ರದ ಭಾಷೆಯಲ್ಲಿ ಕೇಳದಿದ್ದರೂ, ಅದಕ್ಕೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡಿದ್ದವರೊಬ್ಬರು ಇದೇ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದರು. ಅವರೇ ಪಂಜೆ ಮಂಗೇಶರಾಯರು. ಅವರ ಮನೆಮಾತು ಕೊಂಕಣಿ. ಊರ ಮಾತು ತುಳು. ಅವರು ಬರೆದದ್ದು ಕನ್ನಡದಲ್ಲಿ. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ತನಿಖೆಗೆಂದು ಹಳ್ಳಿಯ ಶಾಲೆಗಳನ್ನು ಸುತ್ತುತ್ತಿದ್ದ ಅವರಿಗೆ, ಮಕ್ಕಳ ಕಣ್ಣು ಅಕ್ಷರಕ್ಕೆ ಹೊಂದಿಕೊಳ್ಳುವ ಮೊದಲೇ ಕಿವಿಯು ನಾದಕ್ಕೆ ಹೊಂದಿಕೊಂಡಿರುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತೆಂದು ಅವರ ರಚನೆಗಳೇ ಹೇಳುತ್ತವೆ. ‘ಕವಿಶಿಷ್ಯ’ ಎಂಬ ಹೆಸರಿನಿಂದ ಅವರು ಬರೆದ ಶಿಶುಗೀತೆಗಳಲ್ಲಿ ಗಾಳಿ ಬೀಸುತ್ತದೆ, ಹಾವು ಹೆಡೆಯಾಡಿಸುತ್ತದೆ; ಹಾಡುವ ಮಗು ಕೈ ಕಾಲು ಆಡಿಸದೆ ಇರಲಾರದು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಮೂಲಕ ಇಂತಹ ಹಾಡುಗಳು ಶಾಲೆಗಳನ್ನು ತಲಪಿದವು. ಮನೆಯಲ್ಲಿ ಕನ್ನಡವಿಲ್ಲದ ಮಗುವೂ ಮೊದಲು ಲಯವನ್ನು ಹಿಡಿದು, ಲಯದ ಬೆನ್ನಿಗೆ ಮಾತನ್ನೂ, ಮಾತಿನ ಬೆನ್ನಿಗೆ ಅರ್ಥವನ್ನೂ ಹಿಡಿಯಿತು.

ಪಕ್ಕದ ಪುತ್ತೂರಿನಲ್ಲಿ ಶಿವರಾಮ ಕಾರಂತರು ಇದನ್ನು ಇನ್ನೊಂದು ದಿಕ್ಕಿಗೆ ಬೆಳೆಸಿದರು. ಅವರ ‘ಬಾಲವನ’ದಲ್ಲಿ ಮಕ್ಕಳಿಗೆ ಆಟ, ಕುಣಿತ, ನಾಟಕ, ಚಿತ್ರ ಎಲ್ಲವೂ ಪಾಠವಾಗಿತ್ತು. ಜಗತ್ತಿನ ಸಂಗತಿಗಳನ್ನೆಲ್ಲ ಮಕ್ಕಳಿಗೆ ಕನ್ನಡದಲ್ಲಿ ತಿಳಿಸಬೇಕೆಂದು ಅವರು 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಆರಂಭಿಸಿದ ಸಿದ್ಧವನ ಗುರುಕುಲದಲ್ಲಿ ವಿದ್ಯಾರ್ಥಿಗಳು ಓದಿನ ಜೊತೆಗೆ ತೋಟದ ಕೆಲಸವನ್ನೂ ಮಾಡುವ ಕ್ರಮ ಬಂದಿತು. ಇವರಾರ ಕೈಯಲ್ಲಿಯೂ ಮಿದುಳಿನ ಚಿತ್ರ ತೆಗೆಯುವ ಯಂತ್ರವಿರಲಿಲ್ಲ. ಅಂತಹ ಯಂತ್ರಗಳು ಬಂದ ಮೇಲೆ ವಿಜ್ಞಾನಿಗಳು ಹೇಳಿದ್ದನ್ನು ಈಗ ನೋಡಬಹುದು.

ವಯಸ್ಕರ ಮಿದುಳಿನ ತೂಕ ಸುಮಾರು 1.3 ರಿಂದ 1.4 ಕಿಲೋಗ್ರಾಂ, ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದೇಹವು ಬಳಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಅದೊಂದೇ ಕಬಳಿಸುತ್ತದೆ. ಬೆಳಗಿನ ಉಪಾಹಾರವಿಲ್ಲದೆ ಶಾಲೆಗೆ ಬಂದ ಮಗುವಿಗೆ ಗಣಿತ ಏಕೆ ಹತ್ತುವುದಿಲ್ಲ ಎಂಬುದಕ್ಕೆ ಈ ಒಂದು ಲೆಕ್ಕವೇ ಸಾಕ್ಷಿ. ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ಸಾವಿರಾರು ಇತರ ಕೋಶಗಳೊಡನೆ ಸಂಪರ್ಕ ಹೊಂದಿರುತ್ತದೆ. ಕಲಿಕೆಯೆಂದರೆ ಈ ಸಂಪರ್ಕಗಳಲ್ಲಿ ಆಗುವ ಬದಲಾವಣೆ. ಗುಡ್ಡದ ಮೇಲೆ ಜನ ಮತ್ತೆ ಮತ್ತೆ ನಡೆದಲ್ಲಿ ಕಾಲುದಾರಿ ಮೂಡುವಂತೆ, ಒಟ್ಟೊಟ್ಟಿಗೆ ಕೆಲಸಮಾಡಿದ ಕೋಶಗಳ ನಡುವಣ ಸಂಪರ್ಕವು ಬಲಗೊಳ್ಳುತ್ತದೆ. ನಡೆಯದೆ ಬಿಟ್ಟಲ್ಲಿ ದಾರಿಯ ಮೇಲೆ ಹುಲ್ಲು ಬೆಳೆಯುವಂತೆ, ಬಳಸದ ಸಂಪರ್ಕವು ಮಸಕಾಗುತ್ತದೆ.

ಎಲ್ಲ ನೆನಪುಗಳೂ ಒಂದೇ ದಾರಿಯಿಂದ ಬರುವುದಿಲ್ಲ. ಇದು ತಿಳಿದುಬಂದುದು ಒಬ್ಬ ರೋಗಿಯ ದುರದೃಷ್ಟದಿಂದ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಅಪಸ್ಮಾರವನ್ನು ಗುಣಪಡಿಸಲು ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಬದಿಗಳಲ್ಲಿರುವ ‘ಹಿಪೊಕ್ಯಾಂಪಸ್’ ಎಂಬ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಕಡಲಕುದುರೆಯ ಆಕಾರದಂತೆ ಕಾಣುವುದರಿಂದ ಅದಕ್ಕೆ ಆ ಹೆಸರು. ಅಪಸ್ಮಾರವೇನೋ ಹತೋಟಿಗೆ ಬಂದಿತು. ಆದರೆ ಆತ ಹೊಸದಾಗಿ ಯಾವ ಘಟನೆಯನ್ನೂ ನೆನಪಿನಲ್ಲಿಡಲಾರದವನಾದ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಆತನಿಗೆ ಒಂದು ಕೆಲಸ ಕೊಟ್ಟರು: ಕೈಯನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ, ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲು ಎಳೆಯಬೇಕು. ದಿನದಿಂದ ದಿನಕ್ಕೆ ಆತನ ಕೈ ಪಳಗಿತು. ಆದರೆ ಪ್ರತಿದಿನವೂ ಆತ ಇದನ್ನು ಹಿಂದೆಂದೂ ಮಾಡಿಲ್ಲವೆಂದೇ ನಂಬಿದ್ದ! ತಲೆ ಮರೆತದ್ದನ್ನು ಕೈ ನೆನಪಿಟ್ಟುಕೊಂಡಿತ್ತು. ಘಟನೆಗಳನ್ನೂ ವಿಷಯಗಳನ್ನೂ ನೆನಪಿಡಲು ಒಂದು ವ್ಯವಸ್ಥೆ, ಕೈಚಳಕಗಳನ್ನು ಕಲಿಯಲು ಇನ್ನೊಂದು ವ್ಯವಸ್ಥೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಕರಾವಳಿಯ ಜನರಿಗೆ ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ವಿದ್ಯಾರ್ಥಿ ಕಲಿಯುವ ಕ್ರಮವನ್ನು ಗಮನಿಸಿದರೆ ಸಾಕು. ಹೆಜ್ಜೆಗಿಂತ ಮೊದಲು ಅವನು ಬಾಯಿತಾಳವನ್ನು ಕಲಿಯುತ್ತಾನೆ. ಕೈಯಲ್ಲಿ ತಾಳ ಹಾಕುತ್ತಾ ಜತಿಗಳನ್ನು ಬಾಯಲ್ಲಿ ಹೇಳುತ್ತಾನೆ. ಅಲ್ಪಕಾಲದ ನೆನಪಿನಲ್ಲಿ ಏಕಕಾಲಕ್ಕೆ ಸುಮಾರು ಏಳು ಸಂಗತಿಗಳು ಮಾತ್ರ ನಿಲ್ಲುತ್ತವೆಂದು 1956ರಲ್ಲಿ ಜಾರ್ಜ್ ಮಿಲ್ಲರ್ ಹೇಳಿದರು. ಅದು ನಾಲ್ಕೇ ಇರಬಹುದೆಂದು ಈಚಿನವರ ಅಭಿಪ್ರಾಯ. ಬಿಡಿ ಬಿಡಿ ಅಕ್ಷರಗಳಾಗಿ ನೋಡಿದರೆ ತಾಳದ ಒಂದು ಆವರ್ತವೇ ಈ ಮಿತಿಯನ್ನು ಮೀರುತ್ತದೆ. ಆದರೆ ‘ತಕಿಟ’ ಎಂಬ ಮೂರು, ‘ತಕಧಿಮಿ’ ಎಂಬ ನಾಲ್ಕು ಒಂದೊಂದು ಗಂಟಾಗಿ ಕಟ್ಟಿಕೊಂಡಾಗ ಮಿದುಳು ಅವನ್ನು ಒಂದೊಂದಾಗಿಯೇ ಎಣಿಸುತ್ತದೆ. ಆಮೇಲೆ ಹೆಜ್ಜೆ ಬರುತ್ತದೆ. ಅದು ಕಾಲಿಗೆ ಒಗ್ಗಿದ ಮೇಲೆ ಮನಸ್ಸು ಮಾತಿನ ಕಡೆಗೆ ತಿರುಗಲು ಬಿಡುವಾಗುತ್ತದೆ. ಭಾಗವತರು ಹಾಡುವ ಪದ್ಯವು ಬರಹದಲ್ಲಿರುತ್ತದೆ, ಅದಕ್ಕೆ ಅರ್ಥ ಹೇಳುವ ಮಾತು ಬರಹದಲ್ಲಿಲ್ಲ. ವೇಷಧಾರಿಯು ತಿಳಿದುದನ್ನು ನೆನಪಿನಿಂದ ಹೆಕ್ಕಿ, ಎದುರಾಳಿಯ ಮಾತಿಗೆ ತಕ್ಕಂತೆ ಅಲ್ಲಿಯೇ ಕಟ್ಟಬೇಕು. ಹೊಸಬರು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಅಂಜಿಕೆ ಕಳೆದುಕೊಂಡು ಮೇಲೆ ಬರುತ್ತಿದ್ದರು. ಕಿವಿ, ಕೈ, ಕಾಲು, ಕಣ್ಣು, ನಾಲಗೆ ಎಲ್ಲವನ್ನೂ ಬಳಸುವ ಈ ಕಲಿಕೆಯಲ್ಲಿ ‘ಇವನು ಕಿವಿಯಿಂದ ಕಲಿಯುವವನು, ಇವನು ಕಣ್ಣಿನಿಂದ ಕಲಿಯುವವನು’ ಎಂಬ ವಿಂಗಡಣೆಗೆ ಎಡೆಯೇ ಇಲ್ಲ.

ಆದರೆ ಶಾಲೆಗಳ ಲೋಕದಲ್ಲಿ ಇಂತಹ ವಿಂಗಡಣೆಯೊಂದು ಬಹಳ ಪ್ರಸಿದ್ಧವಾಯಿತು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ಬಗೆಬಗೆಯಾಗಿ ಗುರುತಿಸಿ, ಅವರವರಿಗೆ ಅವರವರ ಬಗೆಯಲ್ಲೇ ಕಲಿಸಬೇಕೆಂಬ ವಾದವು 1990ರ ದಶಕದ ವೇಳೆಗೆ ದೇಶದೇಶಗಳಲ್ಲಿ ಹಬ್ಬಿತು. ಕೇಳಲು ಇದು ಹಿತವಾದ ಮಾತು. ದಡ್ಡನೆಂದು ಕರೆಯುವುದಕ್ಕಿಂತ ಎಷ್ಟೋ ಮೇಲು. ಆದರೆ ನಿಜವೇ? 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಅವರ ಮೂವರು ಸಂಗಡಿಗರು ಅಲ್ಲಿಯವರೆಗಿನ ಸಂಶೋಧನೆಗಳನ್ನು ಜಾಲಾಡಿ ನೋಡಿದರು. ಮಕ್ಕಳಿಗೆ ಇಷ್ಟಾನಿಷ್ಟಗಳಿರುವುದು ದಿಟ. ಆದರೆ ಇಷ್ಟವಾದ ಬಗೆಯಲ್ಲೇ ಕಲಿಸಿದರೆ ಹೆಚ್ಚು ಕಲಿಯುತ್ತಾರೆಂಬುದಕ್ಕೆ ತಕ್ಕ ಆಧಾರ ಅವರಿಗೆ ದೊರೆಯಲಿಲ್ಲ. ಬುದ್ಧಿಯು ಒಂದೇ ಅಲ್ಲ, ಭಾಷೆ, ತರ್ಕ, ಸಂಗೀತ, ದೇಹಚಲನೆ ಮೊದಲಾಗಿ ಏಳು ಬಗೆಯದೆಂದು 1983ರಲ್ಲಿ ಪ್ರತಿಪಾದಿಸಿದ ಹೋವರ್ಡ್ ಗಾರ್ಡ್ನರ್ ಅವರೂ, ತಮ್ಮ ಸಿದ್ಧಾಂತವನ್ನು ಈ ವಿಂಗಡಣೆಯೊಡನೆ ಬೆರೆಸಬಾರದೆಂದು ಎಚ್ಚರಿಸಿದ್ದಾರೆ. ಭೂಪಟವನ್ನು ಕಿವಿಯಿಂದ ಕಲಿಯಲಾಗದು, ರಾಗವನ್ನು ಕಣ್ಣಿನಿಂದ ಕಲಿಯಲಾಗದು. ದಾರಿಯನ್ನು ನಿರ್ಧರಿಸಬೇಕಾದುದು ಬಹುಮಟ್ಟಿಗೆ ಪಾಠದ ವಸ್ತು. ಒಂದೇ ವಸ್ತುವನ್ನು ಮಾತಿನಲ್ಲಿಯೂ ಚಿತ್ರದಲ್ಲಿಯೂ ಕೆಲಸದಲ್ಲಿಯೂ ಕಂಡರೆ ಎಲ್ಲ ಮಕ್ಕಳಿಗೂ ಲಾಭ. ಒಂದು ದಾರಿ ಮಸಕಾದರೆ ಇನ್ನೊಂದರಿಂದ ಅಲ್ಲಿಗೆ ತಲಪಬಹುದು. ‘ನಾನು ನೋಡಿ ಕಲಿಯುವವನು, ಓದುವುದು ನನಗಲ್ಲ’ ಎಂದು ಹದಿನಾಲ್ಕರ ಹರೆಯದಲ್ಲಿಯೇ ತೀರ್ಮಾನಿಸಿಕೊಂಡವನು ‘ದಡ್ಡ’ ಎಂಬ ಹಣೆಪಟ್ಟಿಯ ಬದಲು ಇನ್ನೊಂದು ಹಣೆಪಟ್ಟಿಯನ್ನು ಅಂಟಿಸಿಕೊಂಡಂತಾಯಿತು, ಅಷ್ಟೆ.

ಹಾಗಾದರೆ ಮಕ್ಕಳ ನಡುವೆ ಭೇದಗಳೇ ಇಲ್ಲವೆ? ಧಾರಾಳವಾಗಿ ಇವೆ, ಅವುಗಳಲ್ಲಿ ಮುಖ್ಯವಾದುದು ಅವರು ಮೊದಲೇ ತಿಳಿದು ಬಂದಿರುವ ಸಂಗತಿಗಳಲ್ಲಿರುವ ಭೇದ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದುವನ್ನು ಮಾರುತ್ತಿದ್ದ ಐವರು ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿ, 1985ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಗಿರಾಕಿಗಳಂತೆ ಹೋಗಿ ಬೆಲೆ ಕೇಳಿದಾಗ ಆ ಮಕ್ಕಳ ಉತ್ತರಗಳಲ್ಲಿ ನೂರಕ್ಕೆ 98 ಸರಿಯಿದ್ದವು. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಸರಿಯಾದುವು ನೂರಕ್ಕೆ 37 ಮಾತ್ರ. ಬಂಟ್ವಾಳ, ಬೆಳ್ತಂಗಡಿಗಳ ಮನೆಗಳಲ್ಲಿಯೂ ಇಂತಹ ಗಣಿತ ಉಂಟು. ತಾಯಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ಯುವ ಹುಡುಗಿಗೆ, ಸಾವಿರಕ್ಕೆ ಇಷ್ಟು ಮಜೂರಿಯಾದರೆ ಆರುನೂರೈವತ್ತಕ್ಕೆ ಎಷ್ಟೆಂಬುದು ದಾರಿಯಲ್ಲಿಯೇ ಗೊತ್ತಾಗುತ್ತದೆ. ಕರಿಹಲಗೆಯ ಮೇಲಿನ ಅನುಪಾತದ ಲೆಕ್ಕವೂ ಅದೇ ಎಂದು ಯಾರಾದರೂ ತೋರಿಸಿಕೊಟ್ಟರೆ ಅವಳಿಗೆ ಅರ್ಧ ಪಾಠ ಮುಗಿದಂತೆಯೇ. ಹೊಸ ತಿಳಿವಳಿಕೆಯು ಹಳೆಯ ತಿಳಿವಳಿಕೆಗೆ ಕೊಂಡಿ ಹಾಕಿಕೊಂಡೇ ಮಿದುಳಿನಲ್ಲಿ ನೆಲೆಸುತ್ತದೆ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ, ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಕಿರಿಯ ಮಕ್ಕಳು ಕಾರ್ಡುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ, ತಮ್ಮ ತಮ್ಮ ವೇಗದಲ್ಲಿ ಮುಂದುವರಿಯುವ ಏರ್ಪಾಡಿರುವುದು ಈ ಕಾರಣದಿಂದಲೇ.

ಮರೆವಿನ ಮಾತು ಇನ್ನೂ ಉಳಿದಿದೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ ಪ್ರಕಾರ, ಕಲಿತುದು ಮೊದಲ ಕೆಲವು ಗಂಟೆಗಳಲ್ಲಿಯೇ ಬಹುಪಾಲು ಜಾರಿಹೋಗುತ್ತದೆ. ಬಿಡುವು ಕೊಟ್ಟು ಹಲವು ದಿನಗಳಲ್ಲಿ ಹಂಚಿಕೊಂಡು ಓದಿದುದು, ಒಂದೇ ದಿನ ಗುಡ್ಡೆಹಾಕಿ ಓದಿದುದಕ್ಕಿಂತ ಹೆಚ್ಚು ನಿಲ್ಲುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ದೀಪ ಆರಿಸದವರು ಇದನ್ನು ಗಮನಿಸಬಹುದು. ನಿದ್ರೆಯ ವೇಳೆಯಲ್ಲಿ ಮಿದುಳು ಹಗಲಿನ ಕಲಿಕೆಯನ್ನು ಮತ್ತೆ ಮೆಲುಕುಹಾಕಿ ಗಟ್ಟಿಮಾಡಿಕೊಳ್ಳುತ್ತದೆ. ನಿದ್ರೆಗೆಟ್ಟವನು ಆ ಕೆಲಸಕ್ಕೇ ಕತ್ತರಿ ಹಾಕುತ್ತಾನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯವನ್ನು ಎರಡು ಬಾರಿ ಓದಿದರು; ಉಳಿದವರು ಒಂದು ಬಾರಿ ಓದಿ, ಹಾಳೆ ಮುಚ್ಚಿಟ್ಟು, ನೆನಪಿದ್ದುದನ್ನು ಬರೆದರು. ಐದು ನಿಮಿಷಗಳ ಬಳಿಕ ಕೇಳಿದಾಗ ಎರಡು ಬಾರಿ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಸ್ಥಿತಿ ತಿರುಗಿತು: ಅವರಿಗೆ ನೂರಕ್ಕೆ 42 ಅಂಶಗಳು ನೆನಪಿದ್ದರೆ, ಮುಚ್ಚಿಟ್ಟು ಬರೆದವರಿಗೆ 56 ನೆನಪಿದ್ದವು. ಮತ್ತೆ ಮತ್ತೆ ಓದಿದಾಗ ಪಾಠವು ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ತಿಳಿವಳಿಕೆಯೆಂದು ಮನಸ್ಸು ಭ್ರಮಿಸುತ್ತದೆ. ಅರ್ಥಧಾರಿಯು ರಂಗದಲ್ಲಿ ಮಾಡುವುದೂ ಪುಸ್ತಕ ಮುಚ್ಚಿಟ್ಟು ಬರೆಯುವ ಈ ಕೆಲಸವನ್ನೇ ತಾನೆ?

ಕಲಿತುದನ್ನು ಹೆಕ್ಕಿ ತೆಗೆಯಲು, ಹಳೆಯದಕ್ಕೆ ಕೊಂಡಿ ಹಾಕಲು, ಹಲವು ಇಂದ್ರಿಯಗಳನ್ನು ಬಳಸಲು ಒಮ್ಮೆಗೇ ಅವಕಾಶ ಕೊಡುವಂತಹುದು ಯೋಜನಾಕಾರ್ಯ. ಅಂಗಡಿಯಿಂದ ಕೊಂಡುತಂದ ಥರ್ಮಾಕೋಲಿನ ಮನೆಗೆ ಬಣ್ಣ ಬಳಿದು, ತಂದೆಯಿಂದ ಹೆಸರು ಬರೆಸಿ ಮೇಜಿನ ಮೇಲಿಡುವುದನ್ನೂ ಯೋಜನೆಯೆಂದೇ ಕರೆಯುವ ವಾಡಿಕೆಯುಂಟು. ಅದರಿಂದ ಅಂಗಡಿಯವನ ಹೊರತು ಮತ್ತಾರಿಗೂ ಲಾಭವಾದಂತೆ ಕಾಣದು. ಉತ್ತರ ಮೊದಲೇ ತಿಳಿಯದ ಪ್ರಶ್ನೆಯೊಂದು ಇದ್ದಾಗ ಮಾತ್ರ ಯೋಜನೆಗೆ ಜೀವ ಬರುತ್ತದೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ತೆಗೆದುಕೊಳ್ಳಬಹುದು. 1430ರ ಸುಮಾರಿನಲ್ಲಿ ನಿರ್ಮಾಣಗೊಂಡ ಆ ಬಸದಿಯಲ್ಲಿ ಒಂದು ಕಂಬದ ಕೆತ್ತನೆ ಇನ್ನೊಂದರಂತಿಲ್ಲವೆಂಬ ಮಾತು ಪ್ರಸಿದ್ಧ. ಅದನ್ನು ಬಾಯಿಪಾಠ ಮಾಡುವ ಬದಲು ಪರೀಕ್ಷಿಸಿ ನೋಡಿದರೆ? ಹತ್ತು ಕಂಬಗಳನ್ನು ಆರಿಸಿಕೊಂಡು ಪೆನ್ಸಿಲಿನಿಂದ ಬಿಡಿಸಿದವನಿಗೆ, ಬರಿದೆ ನೋಡಿದಾಗ ಕಾಣದಿದ್ದ ಬಳ್ಳಿ, ಪಟ್ಟಿಕೆ, ಗಂಟುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಕಲ್ಲಿನ ಕಟ್ಟಡಕ್ಕೆ ಇಳಿಜಾರಿನ ಮಾಡು ಏಕೆ ಬೇಕಾಯಿತು ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ. ಅದಕ್ಕೆ ಉತ್ತರ ಮಳೆ.

ಮಳೆಯನ್ನು ಅಳೆಯಲು ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಪಾತ್ರೆ, ಒಂದು ಸ್ಕೇಲು ಸಾಕು. ಪಾತ್ರೆಯಲ್ಲಿ ನಿಂತ ಒಂದು ಮಿಲಿಮೀಟರ್ ನೀರೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ಸುರಿದಂತೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಶಾಲೆಯ ಮಾಡಿನ ಮೇಲೆ ಬೀಳುವ ನೀರು 2,40,000 ಲೀಟರ್. ಬೇಸಗೆಯಲ್ಲಿ ಬಾವಿ ಬತ್ತುವ ಶಾಲೆಯ ಮಕ್ಕಳು ಈ ಅಂಕಿಯನ್ನು ತಾವೇ ಗುಣಿಸಿ ಪಡೆದಾಗ ಅದು ಬೇಗನೆ ಮರೆತುಹೋಗುವಂತಹುದಲ್ಲ.

ಇದೇ ಕೆಲಸವನ್ನು ಎರಡು ಶಾಲೆಗಳು ಕೂಡಿ ಮಾಡಬಹುದು. ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ನೇತ್ರಾವತಿಯು ಬೆಳ್ತಂಗಡಿ ತಾಲ್ಲೂಕಿನಲ್ಲಿ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ಹಾದು ಕಡಲು ಸೇರುತ್ತದೆ. ಚಾರ್ಮಾಡಿಯ ಕಡೆ ಬೆಳಿಗ್ಗೆ ಬಿದ್ದ ಜಡಿಮಳೆಗೆ ಬಂಟ್ವಾಳದ ಹೊಳೆ ಎಷ್ಟು ಗಂಟೆಗಳ ಬಳಿಕ ಏರುತ್ತದೆ? ಮೇಲಿನ ಶಾಲೆಯವರು ಮಳೆಯನ್ನು ಅಳೆದು ತಿಳಿಸಬೇಕು. ಕೆಳಗಿನ ಶಾಲೆಯವರು ಹಿರಿಯರ ಜೊತೆಯಲ್ಲಿ ಸೇತುವೆಯ ಮೇಲೆ ನಿಂತು, ನೀರಿನ ಹತ್ತಿರ ಇಳಿಯದೆ, ಕಂಬದ ಗುರುತನ್ನು ನೋಡಿ ಬರೆಯಬೇಕು. ಒಬ್ಬರು ನಕ್ಷೆ ಬರೆದರೆ ಇನ್ನೊಬ್ಬರು ಜೇಡಿಮಣ್ಣಿನಲ್ಲಿ ಕಣಿವೆಯನ್ನು ಮಾಡಬಹುದು. ಮತ್ತೊಬ್ಬರು ಆಲೇಖ ಎಳೆಯಬಹುದು. ಇಲ್ಲಿ ಉಪಾಧ್ಯಾಯರಿಗೆ ಒಂದು ಎಚ್ಚರ ಬೇಕು. ಚಿತ್ರ ಬಲ್ಲವನಿಗೆ ಸದಾ ಚಿತ್ರವನ್ನೇ, ಲೆಕ್ಕ ಬಲ್ಲವಳಿಗೆ ಸದಾ ಲೆಕ್ಕವನ್ನೇ ವಹಿಸಿದರೆ ಕೆಲಸ ಚೆನ್ನಾಗಿ ಮುಗಿಯುತ್ತದೆ, ಕಲಿಕೆ ಮುಗಿಯುವುದಿಲ್ಲ. ವಾರಕ್ಕೊಮ್ಮೆ ಕೆಲಸಗಳು ಕೈ ಬದಲಾಯಿಸಬೇಕು.

ಅಂಕಿಗಳ ಜೊತೆಗೆ ನೆನಪುಗಳನ್ನೂ ಕೂಡಿಸಬೇಕು. 1923ರ ನೆರೆಯು ಬಂಟ್ವಾಳ ಪೇಟೆಯನ್ನೂ ಪಾಣೆಮಂಗಳೂರನ್ನೂ ಮುಳುಗಿಸಿತು. ಜನ ಅದನ್ನು ‘ಮಾರಿಬೊಳ್ಳ’ವೆಂದು ಕರೆದರು. ತುಳುವಿನಲ್ಲಿ ಬೊಳ್ಳವೆಂದರೆ ನೆರೆ. ಅದನ್ನು ಕಂಡವರು ಈಗಿಲ್ಲ. ಅವರಿಂದ ಕೇಳಿದವರು ಇದ್ದಾರೆ. 1974ರ ನೆರೆಯನ್ನು ಕಣ್ಣಾರೆ ಕಂಡ ಅಜ್ಜ ಅಜ್ಜಿಯರು ಹಲವು ಮನೆಗಳಲ್ಲಿದ್ದಾರೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸುತ್ತಲಿನ ತೋಟಗಳ ಮೇಲೆ ಮರಳೂ ಮರದ ದಿಮ್ಮಿಗಳೂ ಬಂದು ಬಿದ್ದುದನ್ನು ನೋಡಿದ ಮಕ್ಕಳೇ ಇದ್ದಾರೆ. ಅವರನ್ನು ಕೇಳಲು ಹೋಗುವವರು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಕೇಳಿ, ಕನ್ನಡದಲ್ಲಿ ಬರೆದು ತರಬೇಕಾಗುತ್ತದೆ. ಇಂತಹ ಕೆಲಸಕ್ಕೆ ತರಗತಿಯಲ್ಲಿ ಅತ್ಯಂತ ಯೋಗ್ಯನಾದವನು ಬಹುಶಃ ಒಂದನೆಯ ತರಗತಿಯಲ್ಲಿ ‘ಮಳೆ’ ಎಂಬುದನ್ನು ಓದಲು ತಡಮಾಡಿದ್ದ ಹುಡುಗನೇ ಆಗಿರುತ್ತಾನೆ. ಅಜ್ಜಿ ಹೇಳಿದ ಮಾತಿಗೆ ಸರಿಯಾದ ಕನ್ನಡ ಯಾವುದೆಂದು ಅವನು ಗೆಳೆಯರನ್ನು ಕೇಳುತ್ತಾನೆ. ನೀರು ಯಾವ ಮೆಟ್ಟಿಲಿನವರೆಗೆ ಬಂದಿತ್ತೆಂದು ಗೆಳೆಯರು ಅವನನ್ನು ಕೇಳುತ್ತಾರೆ.